ವಾಪಸ್ ಬರುವುದಕ್ಕೆ ಕಾರಣ

ವೀಸಾ ಸಿಗಲಿಲ್ಲ ಎಂಬ ಸುದ್ದಿ ಬಂದ ದಿನ ಆ ಮನೆಯಲ್ಲಿ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು ಉಂಡರು. ಅಯ್ಯೋ ಪಾಪ ಎಂದು ಬಾಯಿ ಹೇಳುತ್ತಿತ್ತು, ಹೊಟ್ಟೆಗೆ ಸುಳ್ಳು ಹೇಳಲು ಬರಲಿಲ್ಲ.

ವೀಸಾ ಕೇಳಿದ್ದವಳು ಆ ಮನೆಯ ಅಮ್ಮ. ಬೀದಿಯವರು ಅವಳನ್ನು ಕರೆಯುವುದು ದಬ್ಬಣದಮ್ಮ ಎಂದು. ಮನೆಯ ಮುಂದಿನ ಕೋಣೆಯೇ ಗಂಡನ ಹಾಸಿಗೆ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಗಂಡ ಕೂರುತ್ತಾನೆ. ಪರದೆಯ ಆಚೆ, ಹತ್ತಿಯ ಧೂಳಿನಲ್ಲಿ ಇವಳು ಕೂರುತ್ತಾಳೆ. ಗವಸಿಗೆ ಹತ್ತಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ಗೇಣುದ್ದದ ದಬ್ಬಣಕ್ಕೆ ದಪ್ಪ ದಾರ ಪೋಣಿಸಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹೊಲಿಯುವುದು ಅವಳ ಕೆಲಸ. ಮದುವೆಯಾಗಿ ಬಂದ ವರ್ಷ ಶುರುವಾದದ್ದು. ಈಗ ಅವಳ ತಲೆಯಲ್ಲಿ ಹತ್ತಿ ಎಷ್ಟು, ನರೆ ಎಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ. ಅಂಗಡಿಯ ಬೋರ್ಡಿನ ಮೇಲೆ ಮಾತ್ರ ‘ತಂದೆ ಮತ್ತು ಮಗ’ ಎಂದು ಬರೆಸಿದೆ. ಆ ಮಗ ಲಾರಿ ಕಂಪನಿಯೊಂದರಲ್ಲಿ ಗುಮಾಸ್ತ. ದಬ್ಬಣದ ಯಾವ ತುದಿಗೆ ದಾರ ಹಾಕಬೇಕೆಂಬುದೂ ಅವನಿಗೆ ಗೊತ್ತಿಲ್ಲ.

“ಹೋಗ್ಲಿ ಬಿಡಮ್ಮ, ಇನ್ನೊಂದ್ಸಲ ನೋಡೋಣ,” ಎಂದ ಮಗ, ಸಾರಿನ ಪಾತ್ರೆ ತನ್ನ ಕಡೆಗೆ ಎಳೆದುಕೊಳ್ಳುತ್ತ.

“ಇನ್ನೊಂದ್ಸಲ ಅಂದ್ರೆ ಯಾವಾಗ? ಮದುವೆ ಇನ್ನೊಂದ್ಸಲ ಆಗುತ್ತಾ?”

ಮದುವೆ ಅವಳ ತಂಗಿಯದು. ತಾಯಿ ಸತ್ತಾಗ ತಂಗಿಗೆ ಇನ್ನೂ ಮಾತು ಬಂದಿರಲಿಲ್ಲ. ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದಳು. ತಂಗಿ ನರ್ಸಿಂಗ್ ಕಲಿತು, ಸಮುದ್ರ ದಾಟಿ ಹೋಗಿ, ಅಲ್ಲಿನ ಮುದುಕರ ಮನೆಯೊಂದರಲ್ಲಿ ಅವರ ಆರೈಕೆ ಮಾಡಿಕೊಂಡು ಇದ್ದುಬಿಟ್ಟಳು. ಮದುವೆ ಬೇಡ ಎಂದೇ ಇದ್ದವಳು ಈಗ ನಲವತ್ತು ದಾಟಿದ ಮೇಲೆ ಅಲ್ಲಿಯ ಬಸ್ ಡ್ರೈವರ್ ಒಬ್ಬನನ್ನು ಮೆಚ್ಚಿದ್ದಾಳೆ. ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆಯಂತೆ. ಫೋನಿನಲ್ಲಿ ಅವಳು ಕೇಳಿದ್ದು ಒಂದೇ ಮಾತು: “ಅಕ್ಕ, ನನ್ನ ಕಡೆಯಿಂದ ಒಬ್ಬರಾದ್ರೂ ನಿಂತ್ಕೋಬೇಕಲ್ಲ, ನೀನು ಬರ್ತೀಯಾ?” ಅಕ್ಕ ಬರುತ್ತೇನೆ ಎಂದಿದ್ದಳು. ಹಾಗೆಂದಮೇಲೆ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ.

“ಏನಂತ ಬರೆದಿದ್ದಾರೆ ಓದು,” ಎಂದಳು ದಬ್ಬಣದಮ್ಮ.

ಮಗ ಮೊಬೈಲನ್ನು ತಟ್ಟೆಯ ಪಕ್ಕ ಬೋರಲು ಹಾಕಿದ. “ಅದೇ, ಸಾಧ್ಯವಿಲ್ಲ ಅಂತ.”

“ಒಂದು ಪುಟ ಇದೆ ಅಂದ್ಯಲ್ಲ. ಪುಟ ಪೂರ್ತಿ ಸಾಧ್ಯವಿಲ್ಲ, ಸಾಧ್ಯವಿಲ್ಲ ಅಂತ ಬರ್ಕೊಂಡು ಕೂತಿದ್ದಾರಾ?”

ಮಗ ತಂದೆಯ ಮುಖ ನೋಡಿದ. ತಂದೆ, ಅಂದರೆ ಅಂಗಡಿಯ ಯಜಮಾನರು, ಉಪ್ಪಿನ ಡಬ್ಬಿಯ ಮುಖ ನೋಡಿದರು. ಸೊಸೆ ಮಾತ್ರ ಎಡಗೈ ಚಾಚಿ ಮೊಬೈಲು ಎತ್ತಿಕೊಂಡಳು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಡಾಕ್ಟರುಗಳ ಅಕ್ಷರವನ್ನೇ ಓದುವವಳಿಗೆ ಅಚ್ಚಾದ ಅಕ್ಷರ ಯಾವ ಲೆಕ್ಕ.

“ಎರಡು ಕಾರಣ ಕೊಟ್ಟಿದ್ದಾರೆ ಅತ್ತೆ. ಒಂದು, ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ‘ಊರು ನೋಡುವುದು’ ಅಂತಿದೆ, ಕರೆಸಿಕೊಳ್ಳೋರ ಪತ್ರದಲ್ಲಿ ‘ನನ್ನ ಮದುವೆ’ ಅಂತಿದೆ, ಎರಡೂ ಹೊಂದಲ್ಲ. ಇನ್ನೊಂದು, ಅರ್ಜಿದಾರರಿಗೆ ಉದ್ಯೋಗ ಇಲ್ಲ, ಆದಾಯ ಇಲ್ಲ, ಆಸ್ತಿ ಇಲ್ಲ, ತಮ್ಮ ದೇಶಕ್ಕೆ ವಾಪಸ್ ಬರುವುದಕ್ಕೆ ಸಾಕಷ್ಟು ಕಾರಣ ತೋರಿಸಿಲ್ಲ.”

ದಬ್ಬಣದಮ್ಮ ಬಡಿಸುವ ಸೌಟನ್ನು ಕೆಳಗಿಟ್ಟಳು. “ಊರು ನೋಡೋದು ಅಂತ ಬರೆದೋರು ಯಾರು?”

ಯಜಮಾನರು ಅನ್ನ ಕಲಸತೊಡಗಿದರು.

“ಕೇಳಿದ್ದು ಕೇಳಿಸ್ಲಿಲ್ವಾ?”

“ನಾನೇ ಬರೆಸಿದ್ದು, ಏನೀಗ?” ಯಜಮಾನರು ಸಿಡುಕಿದರು. “ಅಷ್ಟು ವಯಸ್ಸಾದ ಹೆಂಗಸಿಗೆ ಈಗ ಮದುವೆ ಅಂತ ಸರ್ಕಾರಿ ಕಾಗದದ ಮೇಲೆ ಬರೆಸ್ಬೇಕಾ? ಓದಿದೋರು ನಗಲ್ವಾ?”

“ನಕ್ಕರಾ?”

“ಏನು?”

“ಓದಿದ್ರಲ್ಲ, ನಕ್ಕರಾ ಅಂತ ಕೇಳ್ದೆ. ನಗ್ಲಿಲ್ಲ. ಸುಳ್ಳು ಅಂದ್ರು. ನಿಮ್ಮ ಮುಖ ಉಳಿಸ್ಕೊಳ್ಳೋಕೆ ನನ್ನನ್ನ ಸುಳ್ಳುಗಾತಿ ಮಾಡಿ ಕೂರಿಸಿದ್ರಿ.” ಅವಳು ಮಗನ ಕಡೆ ತಿರುಗಿದಳು. “ಉದ್ಯೋಗ ಇಲ್ಲ ಅಂತ ಬರೆದಿದ್ದು ನೀನೋ, ಅದೂ ನಿಮ್ಮಪ್ಪಾನೋ?”

“ಸಂಬಳ ಇಲ್ವಲ್ಲಮ್ಮ, ಏನಂತ ಬರೀಲಿ? ಮನೇಲೇ ಇರ್ತಾರೆ ಅಂತ ಹಾಕ್ದೆ.”

“ನೀನು ಮಲಗೋ ಹಾಸಿಗೆ ಯಾರು ಹೊಲಿದಿದ್ದು?”

“ನೀನೇ.”

“ನಾನು ಸುಮ್ನೆ ಮನೇಲೇ ಇದ್ರೆ ಅದು ತಾನಾಗೇ ಹೊಲ್ಕೊಂಡಿತಾ?”

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ, ಯಜಮಾನರ ತಾಯಿ, ತಟ್ಟೆ ಮುಂದಕ್ಕೆ ಚಾಚಿ “ನನಗೆ ಇನ್ನೊಂದು ಚೂರು ಅನ್ನ,” ಎಂದಳು. ಜಗಳವಾಗುವಾಗ ಅವಳಿಗೆ ಹಸಿವು ಹೆಚ್ಚು.

*

ಮರುದಿನ ಬೆಳಗ್ಗೆ ಗಂಡ ಕಾಫಿ ಕುಡಿಯುವಾಗ ದಬ್ಬಣದಮ್ಮ ಎದುರಿಗೆ ಬಂದು ಕೂತಳು. ಅವಳು ಆ ಹೊತ್ತಿನಲ್ಲಿ ಕೂರುವವಳೇ ಅಲ್ಲ. ಯಜಮಾನರಿಗೆ ಆಗಲೇ ಅನುಮಾನ ಬಂತು.

“ಒಂದು ಕಾಗದ ಬರೆದುಕೊಡಿ. ಈ ಅಂಗಡಿಯಲ್ಲಿ ಹಾಸಿಗೆ ಹೊಲಿಯೋದು ಇವಳು, ಒಂದು ತಿಂಗಳು ರಜೆ ಕೊಟ್ಟಿದ್ದೀನಿ, ಆಮೇಲೆ ಬಂದು ಕೆಲಸ ಮಾಡ್ಬೇಕು ಅಂತ. ಇನ್ನೊಂದ್ಸಲ ಅರ್ಜಿ ಹಾಕ್ತೀನಿ.”

“ಹೆಂಡತೀನ ಕೂಲಿಯಾಳು ಅಂತ ಬರೆದುಕೊಡ್ಲಾ? ಏನು ಮಾತು ಅಂತ ಆಡ್ತೀಯ!”

“ಕೂಲಿ ಕೊಟ್ಟಿದ್ರೆ ತಾನೆ ಕೂಲಿಯಾಳು?”

“ನೀನು ಈ ಮನೆ ಒಡತಿ ಕಣೇ.”

“ಸರಿ, ಒಡತಿ ಅಂತ ಬರೆದುಕೊಡಿ. ಅರ್ಧ ಅಂಗಡಿ ನನ್ನ ಹೆಸರಿಗೆ ಮಾಡ್ಸಿ.”

ಯಜಮಾನರು ಖಾಲಿ ಲೋಟವನ್ನು ಇನ್ನೊಮ್ಮೆ ಬಾಯಿಗೆತ್ತಿದರು.

“ಆಳೂ ಅಲ್ಲ, ಒಡತೀನೂ ಅಲ್ಲ. ಹಾಗಾದ್ರೆ ನಾನು ಏನು ಅಂತ ನೀವೇ ಹೇಳಿ.”

“ಬೆಳಬೆಳಗ್ಗೆ ತಲೆ ತಿನ್ಬೇಡ. ನೀನು ಒಂದು ತಿಂಗಳು ಹೋದ್ರೆ ಈ ಮನೆ ನಡೆಯುತ್ತಾ? ಅಮ್ಮನ ಮಾತ್ರೆ ಯಾರು ಕೊಡ್ತಾರೆ? ಅಡುಗೆ? ಹಾಸ್ಟೆಲಿನವರ ಆರ್ಡರು? ನೀನಿಲ್ದೆ ಇಲ್ಲಿ ಒಂದು ಹುಲ್ಲುಕಡ್ಡಿ ಅಲ್ಲಾಡಲ್ಲ, ಗೊತ್ತಾ?”

“ಅದನ್ನೇ ಅಲ್ವೇನ್ರೀ ಬರೆದುಕೊಡಿ ಅಂತಿರೋದು!”

ಯಜಮಾನರು ಎದ್ದು ಅಂಗಡಿಯ ಬಾಗಿಲು ತೆಗೆಯಲು ಹೋದರು. ಅಲ್ಲಿಯವರು ಇವಳಿಗೆ ಇಲ್ಲಿ ಏನೂ ಇಲ್ಲ ಎಂದರು. ಇಲ್ಲಿಯವರು ಇವಳಿಲ್ಲದೆ ಇಲ್ಲಿ ಏನೂ ನಡೆಯದು ಎನ್ನುತ್ತಾರೆ. ಎರಡು ಮಾತಿಗೂ ಅರ್ಥ ಒಂದೇ, ಅವಳು ಇದ್ದಲ್ಲೇ ಬಿದ್ದಿರಬೇಕು. ಇದಕ್ಕಿಂತ ಅನ್ಯಾಯ ಬೇರೆ ಬೇಕೆ? ದಬ್ಬಣದಮ್ಮನಿಗೆ ಪಿತ್ತ ನೆತ್ತಿಗೇರಿತು. ಪರದೆ ಸರಿಸಿ ಹೋಗಿ, ಅರ್ಧ ಹೊಲಿದ ಹಾಸಿಗೆಯಿಂದ ದಬ್ಬಣ ಕಿತ್ತು ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು.

“ಇದು ನಿಮ್ಮ ಅಂಗಡಿಯದ್ದು. ತಂದೇನೂ ಮಗಾನೂ ಸೇರ್ಕೊಂಡು ಹೊಲ್ಕೊಳ್ಳಿ.”

ಎರಡು ಬೀದಿ ಆಚೆ ಬಸ್ಸುಗಳ ಸೀಟು ಮಾಡುವ ಕಾರ್ಖಾನೆ ಇತ್ತು. ಹೊಲಿಗೆಯವರು ಬೇಕಾಗಿದ್ದಾರೆ ಎಂಬ ಬೋರ್ಡು ಅದರ ಗೇಟಿಗೆ ಯಾವಾಗಲೂ ನೇತಾಡುತ್ತಿತ್ತು. ಕಾರ್ಖಾನೆ ನಡೆಸುವಾಕೆ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು.

“ಅನುಭವ ಇದೆಯಾ?”

“ಕಾಗದದ ಪ್ರಕಾರ ಇಲ್ಲ. ಒಂದು ತುಂಡು ಕೊಡಿ, ಹೊಲಿದು ತೋರಿಸ್ತೀನಿ. ಕನ್ನಡಕ ಹಣೆ ಮೇಲಿದೆ.”

ಹೊಲಿದದ್ದನ್ನು ಕಾರ್ಖಾನೆಯಾಕೆ ಎರಡೂ ಕೈಯಲ್ಲಿ ಜಗ್ಗಿ ನೋಡಿದಳು. ಹೊಲಿಗೆ ಬಿಡಲಿಲ್ಲ. “ನಾಳೆಯಿಂದ ಬನ್ನಿ.”

“ಮೊದಲೇ ಹೇಳಿಬಿಡ್ತೀನಿ. ನನಗೆ ಕೆಲಸಕ್ಕೆ ಸೇರಿದ ಪತ್ರ ಬೇಕು, ಸಂಬಳದ ಚೀಟಿ ಬೇಕು, ತಂಗಿ ಮದುವೆಗೆ ಹೋಗೋಕೆ ಒಂದು ತಿಂಗಳು ರಜೆ ಕೊಟ್ಟಿದ್ದೀವಿ ಅಂತ ಇನ್ನೊಂದು ಪತ್ರ ಬೇಕು. ವೀಸಾಕ್ಕೆ.”

“ಸೇರೋಕೆ ಮುಂಚೆ ರಜೆ ಕೇಳಿದವರು ನೀವೇ ಮೊದಲು!” ಎಂದು ಆಕೆ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. “ಸುಳ್ಳು ಪತ್ರ ನಾನು ಕೊಡಲ್ಲ. ನಿಜವಾಗಿ ಕೆಲಸ ಮಾಡಿ, ನಿಜವಾದ ಪತ್ರ ಕೊಡ್ತೀನಿ. ಮದುವೆ ಯಾವಾಗ?”

“ಇನ್ನೂ ನಾಲ್ಕು ತಿಂಗಳಿದೆ.”

“ಹಾಗಾದ್ರೆ ಟೈಮಿದೆ. ಬನ್ನಿ.”

*

ದಬ್ಬಣದಮ್ಮ ಬೇರೆಯವರ ಹತ್ತಿರ ಕೆಲಸಕ್ಕೆ ಹೊರಟಳು ಎಂದು ಬೀದಿಗೆಲ್ಲ ಗೊತ್ತಾಯಿತು. ಅಂಗಡಿಗೆ ಬಂದವರು ಹಾಸಿಗೆಗಿಂತ ಮೊದಲು ಅದನ್ನೇ ವಿಚಾರಿಸುತ್ತಿದ್ದರು. ಯಜಮಾನರು “ಏನೋ ಹೊತ್ತು ಕಳೆಯೋಕೆ ಹೋಗ್ತಾಳೆ,” ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನಾದರೊಂದು ಹೇಳುತ್ತಿದ್ದರು. ಪರದೆಯ ಹಿಂದೆ ಹೋಗಿ ತಾವೇ ದಬ್ಬಣ ಹಿಡಿದರು. ಹಾಸ್ಟೆಲಿಗೆ ಹೋದ ಮೊದಲ ಹಾಸಿಗೆ ವಾರದೊಳಗೆ ವಾಪಸ್ ಬಂತು.

“ಏನಾಗಿದೆ ಇದಕ್ಕೆ?” ಎಂದರು ಯಜಮಾನರು.

“ನೀವೇ ಒಂದ್ಸಲ ಮಲಗಿ ನೋಡಿ,” ಎಂದ ಹಾಸ್ಟೆಲಿನವನು. “ಈ ಕಡೆಯಿಂದ ಆ ಕಡೆಗೆ ಹೊರಳಬೇಕಾದ್ರೆ ಗುಡ್ಡ ಹತ್ತಿ ಇಳೀಬೇಕು.”

ಒಳಗಿನ ಅವಸ್ಥೆಯೂ ಅಷ್ಟೇ. ದಬ್ಬಣದಮ್ಮ ಬೆಳಗಿನ ಅಡುಗೆ ಮಾಡಿ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆಯದು ನೀವು ನೋಡಿಕೊಳ್ಳಿ ಎಂದು ಹೇಳಿಬಿಟ್ಟಿದ್ದಳು. ಸೊಸೆ ಸಂಜೆಯ ಕೆಲಸವನ್ನು ಹಂಚಿದಳು. ಗಂಡನಿಗೆ ಒಲೆ, ಮಾವನಿಗೆ ಪಾತ್ರೆ, ಅಜ್ಜಿಗೆ ಕೂತಲ್ಲೇ ತರಕಾರಿ ಹೆಚ್ಚುವುದು, ತನಗೆ ಬಟ್ಟೆ ಮತ್ತು ಅಜ್ಜಿಯ ಮಾತ್ರೆ.

“ಮಾವನ ಕೈಲಿ ಪಾತ್ರೆ ತೊಳೆಸ್ತೀಯಾ?” ಎಂದು ಮಗ ಅಡುಗೆಮನೆಯಲ್ಲಿ ಪಿಸುಗುಟ್ಟಿದ.

“ನಿಮಗೆ ಅಷ್ಟು ಕರುಳು ಚುರುಕ್ ಅಂದ್ರೆ ಅದನ್ನೂ ನೀವೇ ತೊಳೀರಿ. ನಾನೂ ದಿನಾ ನಿಂತು ನಿಂತು ಕಾಲು ಬಾತುಕೊಂಡು ಬರ್ತೀನಿ.”

ಮಗ ತೆಪ್ಪಗೆ ಈರುಳ್ಳಿ ಹುರಿದ. ಯಜಮಾನರು ಪಾತ್ರೆ ತೊಳೆದರು, ಆದರೆ ಹಿತ್ತಿಲ ಬಾಗಿಲು ಹಾಕಿಕೊಂಡು. ಪಕ್ಕದ ಮನೆಯವರಿಗೆ ಕಾಣಬಾರದು ಎಂದು ಅವರ ಆಸೆ. ಪಾತ್ರೆಗಳು ಒಂದಕ್ಕೊಂದು ಬಡಿದುಕೊಳ್ಳುವ ಸದ್ದು ಮಾತ್ರ ಇಡೀ ಬೀದಿಗೆ ಕೇಳುತ್ತಿತ್ತು.

“ಅಂಟು ಹಾಗೇ ಇದೆಯಲ್ಲೋ,” ಎಂದು ಅಜ್ಜಿ ಬಾಣಲೆಯನ್ನು ಮೂಗಿನ ಹತ್ತಿರ ಹಿಡಿದು ಹೇಳಿದಳು.

“ಅಮ್ಮ, ನೀನೂ ಅವಳ ಕಡೆ ಸೇರ್ಕೊಂಡ್ಯಾ?”

“ನಾನು ಬಾಣಲೆ ಕಡೆ.”

ಮೊದಲ ಸಂಬಳ ಬಂದ ಸಂಜೆ ದಬ್ಬಣದಮ್ಮ ಚೀಟಿಯನ್ನು ಮಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡುತ್ತಿದ್ದಳು. ಯಜಮಾನರು ಬಾಗಿಲಲ್ಲಿ ನಿಂತರು. ಅವರ ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು, ದಬ್ಬಣ ಚುಚ್ಚಿದ್ದು.

“ಯಾರದ್ದೋ ಬಸ್ಸಿನ ಸೀಟು ಹೊಲಿಯೋಕೆ ಕೈ ಬರುತ್ತೆ. ಮನೆ ಹಾಸಿಗೆ ಹೊಲಿಯೋಕೆ ಬರಲ್ಲ.”

“ಅಲ್ಲಿ ನಾನು ಹೊಲಿದ್ರೆ ನಾನು ಹೊಲಿದೆ ಅಂತ ಬರೀತಾರೆ.”

“ಕಾಗದ, ಕಾಗದ! ಮೂವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಕಾಗದ ಬೇಕಾ ನಿನಗೆ?”

“ನನಗೆ ಬೇಕಿರ್ಲಿಲ್ಲ ಕಣ್ರೀ. ಇಷ್ಟು ವರ್ಷ ಕೇಳಿದ್ನಾ? ಈಗ ನನ್ನ ತಂಗಿ ಮುಂದೆ ಹೋಗಿ ನಿಲ್ಲೋಕೆ ಬೇಕು. ಬೇಕು ಅಂದಾಗ ನೀವು ಕೊಡ್ಲಿಲ್ಲ.” ಅವಳು ಜೋರಾಗಿ ಕೆಮ್ಮಿ, ಕವರನ್ನು ಬೀರುವಿನಲ್ಲಿಟ್ಟು ಬಾಗಿಲು ದಬ್ಬಿದಳು.

*

ಎರಡನೇ ಅರ್ಜಿ ಹಾಕುವ ಭಾನುವಾರ ಪಾಸ್‌ಪೋರ್ಟ್ ಕಾಣಲಿಲ್ಲ. ಬೀರುವಿನಲ್ಲಿದ್ದದ್ದು ಇಲ್ಲ. ಮನೆಯೆಲ್ಲ ತಡಕಾಡಿದ ಮೇಲೆ ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳಿದರು: “ಭದ್ರವಾಗಿರ್ಲಿ ಅಂತ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ.”

“ತೆಗೆದುಕೊಡಿ.”

“ಬೀಗದ ಕೈ ಕಾಣ್ತಿಲ್ಲ. ನಿಧಾನಕ್ಕೆ ಹುಡುಕೋಣ. ಏನವಸರ?”

ದಬ್ಬಣದಮ್ಮ ಏನಾದರೂ ಹೇಳುವ ಮೊದಲೇ ಅಜ್ಜಿ ಕುರ್ಚಿಯಿಂದ ಎದ್ದಳು. ಅವಳು ಯಾರ ಸಹಾಯವೂ ಇಲ್ಲದೆ ಎದ್ದದ್ದನ್ನು ನೋಡಿ ಬಹಳ ದಿನವಾಗಿತ್ತು. ಗೋಡೆ ಹಿಡಿದುಕೊಂಡು ಪರದೆಯ ಹಿಂದೆ ಹೋಗಿ ಹತ್ತಿ ಬಡಿಯುವ ಕೋಲು ತಂದಳು.

“ಕೈ ಸಿಕ್ಕದಿದ್ರೆ ಬಿಡು. ಪೆಟ್ಟಿಗೆ ಒಡೆಯೋಣ. ಕೋಲು ಗಟ್ಟಿಯಾಗಿದೆ.”

“ಅಮ್ಮ! ನಿನಗೇನು ಬಂತು?”

“ನನಗೆ ಬರಬೇಕಾದ ಕಾಲದಲ್ಲಿ ಬರ್ಲಿಲ್ಲ ಕಣೋ, ಅದಕ್ಕೇ ಈಗ ಬಂತು.” ಅಜ್ಜಿಗೆ ಏದುಸಿರು. “ನನ್ನ ಅಕ್ಕ ಕಾಯಿಲೆ ಬಿದ್ದು ಹೇಳಿಕಳಿಸಿದ್ಲು. ಹೊಳೆ ಆಚೆ ದಡ, ಅಷ್ಟೇ ದೂರ. ಮನೆ ಯಾರು ನೋಡ್ಕೋತಾರೆ ಅಂತ ನಿಮ್ಮಪ್ಪ ಕೇಳಿದ್ರು. ನಾನು ಸುಮ್ಮನಾದೆ. ಮನೆ ಇಲ್ಲೇ ಇದೆ ನೋಡು, ಎಲ್ಲೂ ಓಡಿಹೋಗಿಲ್ಲ. ಅಕ್ಕ ಇಲ್ಲ.”

ಕೋಲು ನೆಲಕ್ಕೆ ಒಮ್ಮೆ ಕುಟ್ಟಿತು. ಯಜಮಾನರು ಅಂಗಿಯ ಜೇಬಿಗೆ ಕೈಹಾಕಿದರು. ಬೀಗದ ಕೈ ಅಲ್ಲೇ ಇತ್ತು.

ಮಗ ಕಂಪ್ಯೂಟರಿನ ಮುಂದೆ ಕೂತ. ಈ ಸಲ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಅಮ್ಮನೂ ಕೂತಳು. ಹಿಂದಿನ ಸಲ ಎಲ್ಲಿ ಸಹಿ ಹಾಕಬೇಕು ಎಂದಷ್ಟೇ ಕೇಳಿದ್ದವಳು ಈಗ ಒಂದೊಂದು ಸಾಲನ್ನೂ ಓದಿಸಿದಳು.

“ಪ್ರಯಾಣದ ಉದ್ದೇಶ?”

“ತಂಗಿಯ ಮದುವೆ.”

“ಉದ್ಯೋಗ?”

“ಹಾಸಿಗೆ ಮತ್ತು ಸೀಟು ಹೊಲಿಯುವವಳು. ಕಾರ್ಖಾನೆಯ ಪತ್ರ ಜೊತೆಗಿಡು.”

“ಉಳ್ಕೊಳ್ಳೋ ಜಾಗ, ಚಿಕ್ಕಮ್ಮನ ಮನೆ. ಖರ್ಚು?”

“ಅಲ್ಲಿಯದು ಅವಳು ನೋಡ್ಕೋತಾಳೆ. ಟಿಕೆಟ್ ನನ್ನ ದುಡಿಮೇದು, ಕಾರ್ಖಾನೇಲಿ ಮುಂಗಡ ತಗೊಂಡಿದ್ದೀನಿ. ಹಾಗೇ ಬರಿ.”

ಮಗ ಮುಂದಿನ ಪ್ರಶ್ನೆಗೆ ಬಂದು ನಿಂತ. “ಈ ಹಿಂದೆ ವೀಸಾ ನಿರಾಕರಣೆ ಆಗಿದೆಯಾ ಅಂತ ಕೇಳಿದ್ದಾರೆ. ಇಲ್ಲ ಅಂದ್ಬಿಡೋಣ್ವಾ ಅಮ್ಮ?”

“ಅವರೇ ಕೊಡಲ್ಲ ಅಂದಿದ್ದು ಅವರಿಗೇ ಗೊತ್ತಿರಲ್ವೇನೋ? ಒಂದು ಸುಳ್ಳು ಹೇಳಿ ಬಿದ್ದಿದ್ದು ಸಾಲ್ಲಿಲ್ವಾ? ಹೌದು ಅಂತ ಬರಿ. ಯಾಕೆ ಅಂತಾನೂ ಬರಿ.”

“ಯಾಕೆ ಅಂತ?”

“ನನ್ನ ಗಂಡ ನಾಚಿಕೊಂಡು ತಪ್ಪು ಉದ್ದೇಶ ಬರೆಸಿದ್ರು, ಮಗ ಬರೆದ, ನಾನು ಓದ್ದೆ ಸಹಿ ಹಾಕ್ದೆ. ಈ ಸಲ ಓದಿದ್ದೀನಿ.”

“ಅಪ್ಪನ ಮರ್ಯಾದೆ ಅಮ್ಮ…”

“ನನ್ನ ಮರ್ಯಾದೆ ಹೋದಾಗ ನೀನು ಎರಡ್ಸಲ ಅನ್ನ ಹಾಕಿಸ್ಕೊಂಡೆ.”

ಮಗನ ಕಿವಿ ಕೆಂಪಾದವು. ಅವನು ಅವಳು ಹೇಳಿದ್ದನ್ನೇ ಟೈಪು ಮಾಡಿದ. ಎಲ್ಲ ಮುಗಿದ ಮೇಲೆ, ಕೇಳದೆಯೇ, ಮೊದಲಿಂದ ಕೊನೆಯವರೆಗೆ ಜೋರಾಗಿ ಓದಿ ಹೇಳಿದ. ಪರದೆಯ ಆಚೆ ಯಜಮಾನರು ಕೋಲು ಹಿಡಿದು ಹತ್ತಿ ಬಡಿಯುತ್ತಿದ್ದರು. ತಮ್ಮ ಮಾತು ಬರುವ ಜಾಗದಲ್ಲಿ ಬಡಿತ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

*

ಸಂದರ್ಶನಕ್ಕೆ ಸೊಸೆ ರಜೆ ಹಾಕಿ ಜೊತೆಗೆ ಹೋದಳು. ಒಳಗೆ ಬಿಟ್ಟದ್ದು ಅತ್ತೆಯನ್ನು ಮಾತ್ರ. ಉದ್ದನೆಯ ಹಾಲು, ಸಾಲು ಕುರ್ಚಿ, ಗಾಜಿನ ಹಿಂದೆ ಒಬ್ಬೊಬ್ಬ ಅಧಿಕಾರಿ. ಕುರ್ಚಿಯಲ್ಲಿ ಕೂತವರೆಲ್ಲ ಫೈಲುಗಳನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದರು. ಹೊರಗೆ ಜೋರಾಗಿ ಮಾತಾಡುತ್ತಿದ್ದ ಗಂಡಸರೂ ಅಲ್ಲಿ ಬೆಕ್ಕಿನ ಹೆಜ್ಜೆ ಇಡುತ್ತಿದ್ದರು. ದಬ್ಬಣದಮ್ಮನೂ ಹಾಗೇ ಹೆಜ್ಜೆ ಇಟ್ಟಳು. ಇಟ್ಟದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಅವಳ ಸರದಿಗೆ ಸಿಕ್ಕಿದ್ದು ಒಬ್ಬ ಹೆಂಗಸು. ಬೆರಳುಗಳ ಗುರುತು ಒತ್ತಿಸಿಕೊಂಡಳು, ಕಾಗದ ತಿರುವಿದಳು. ಪಕ್ಕದಲ್ಲಿ ಕೂತಿದ್ದ ದುಭಾಷಿ ಅವಳ ಪ್ರಶ್ನೆಗಳನ್ನು ಒಂದೊಂದಾಗಿ ದಾಟಿಸಿದ.

“ಹೋದ ಸಲ ಊರು ನೋಡಕ್ಕೆ ಅಂದಿದ್ರಿ. ಈ ಸಲ ಮದುವೆ. ಯಾವುದು ನಿಜ?”

“ಮದುವೆ. ಯಾಕೆ ಹಾಗಾಯ್ತು ಅಂತ ಬರೆದಿದ್ದೀನಿ.”

“ಓದಿದೆ,” ಎಂದಳು ಅಧಿಕಾರಿ. ಅವಳ ತುಟಿಯ ಒಂದು ಕೊನೆ ಸ್ವಲ್ಪ ಅಲುಗಿತು. “ನಿಮ್ಮ ತಂಗಿಗೆ ಇದು ಮೊದಲನೇ ಮದುವೆಯಾ? ಈ ವಯಸ್ಸಿನಲ್ಲಿ?”

“ಹೌದು. ಅವಳಿಗೆ ನಾಚಿಕೆ ಇಲ್ಲ, ನನಗೂ ಇಲ್ಲ. ನಿಮ್ಮ ಕಾನೂನಿನಲ್ಲಿ ಮದುವೆಗೆ ವಯಸ್ಸು ಮೀರೋದು ಅಂತ ಇದೆಯಾ?”

ದುಭಾಷಿ ಇದನ್ನು ದಾಟಿಸುವ ಮೊದಲು ಒಂದು ಗಳಿಗೆ ತಡವರಿಸಿದ. ದಬ್ಬಣದಮ್ಮ ಅವನನ್ನು ದಿಟ್ಟಿಸಿದಳು. “ನಾನು ಹೇಳಿದ್ ಹಾಗೇ ಹೇಳಿ. ಸಿಹಿ ಸೇರಿಸ್ಬೇಡಿ.”

ಅವನು ಹೇಳಿದ. ಅಧಿಕಾರಿ ಪೆನ್ನು ಕೆಳಗಿಟ್ಟಳು.

“ಇಲ್ಲ. ಅಂಥ ಕಾನೂನಿಲ್ಲ. ಇರಲಿ, ನೀವು ವಾಪಸ್ ಬರ್ತೀರಿ ಅಂತ ನಾನು ಹೇಗೆ ನಂಬಲಿ?”

“ಕೆಲಸ ಇದೆ, ಪತ್ರ ಕೊಟ್ಟಿದ್ದೀನಿ. ಹೋಗೋದಕ್ಕೂ ಬರೋದಕ್ಕೂ ಟಿಕೆಟ್ ಕಾದಿರಿಸಿದ್ದೀನಿ. ಇನ್ನೊಂದು ಮಾತು, ತಪ್ಪು ತಿಳೀಬೇಡಿ. ನಾನು ನಿಮ್ಮ ದೇಶ ಕೇಳೋಕೆ ಬಂದಿಲ್ಲ. ಅದು ನಿಮ್ಮ ಹತ್ರಾನೇ ಇರ್ಲಿ. ನಾನು ಕೇಳ್ತಿರೋದು ನನ್ನ ತಂಗಿ ಪಕ್ಕದಲ್ಲಿ ನಿಲ್ಲೋಕೆ ಒಂದಡಿ ಜಾಗ.”

ಈ ಸಲ ದುಭಾಷಿ ತಡವರಿಸಲಿಲ್ಲ. ಅಧಿಕಾರಿ ಕಾಗದಗಳನ್ನು ಜೋಡಿಸಿಟ್ಟು, ತಿಳಿಸುತ್ತೇವೆ ಎಂದಳು. ಹೊರಗೆ ಬಂದ ಮೇಲೆ ಸೊಸೆ ಕೇಳಿದಳು: “ಏನಾಯ್ತು ಅತ್ತೆ?”

“ಜಗಳ ಆಡಿ ಬಂದೆ ಅನ್ಸುತ್ತೆ,” ಎಂದಳು ದಬ್ಬಣದಮ್ಮ. “ಕೊಡ್ತಾರೋ ಬಿಡ್ತಾರೋ. ಎಲ್ಲಾದ್ರೂ ಕೂತು ಏನಾದ್ರೂ ತಿನ್ನೋಣ ಬಾ, ನಾನು ಕೊಡಿಸ್ತೀನಿ.”

ಕೆಲವು ವಾರ ಅಲ್ಲಿಂದ ಏನೂ ಸುದ್ದಿ ಬರಲಿಲ್ಲ. ತಂಗಿ ದಿನಾ ಫೋನು ಮಾಡಿ “ಬಂತಾ ಅಕ್ಕ?” ಎನ್ನುವಳು. ಒಂದು ಸಲ “ತಾರೀಖು ಮುಂದೆ ಹಾಕ್ಲಾ?” ಎಂದು ಅತ್ತಳು. “ಒಂದು ದಿನವೂ ಮುಂದೆ ಹಾಕ್ಬೇಡ,” ಎಂದು ಅಕ್ಕ ಗದರಿದಳು. “ಇಷ್ಟು ವರ್ಷ ಕಾದಿದ್ದೀಯ, ನನಗೋಸ್ಕರ ಇನ್ನು ಕಾಯೋದು ಬೇಡ.” ಫೋನು ಇಟ್ಟ ಮೇಲೆ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ತಾನೂ ಅತ್ತಳು.

ವೀಸಾ ಬಂದದ್ದು ಒಂದು ಸಾಧಾರಣ ಸಂಜೆ, ಮಗ ಒಲೆಯ ಮುಂದೆ ಇದ್ದಾಗ.

“ಅಮ್ಮ, ಬಂತು! ಕೊಟ್ಟಿದ್ದಾರೆ!”

“ಪೂರ್ತಿ ಓದು.”

“ಒಂದೇ ಸಲ ಪ್ರವೇಶ. ಒಂದು ತಿಂಗಳು ಇರಬಹುದು. ಅಲ್ಲಿದ್ದಷ್ಟು ದಿನ ಯಾವ ಕೆಲಸವನ್ನೂ ಮಾಡುವಂತಿಲ್ಲ.”

ಅಜ್ಜಿ ಹೆಚ್ಚುತ್ತಿದ್ದ ಸೊಪ್ಪನ್ನು ಬಿಟ್ಟು ತಲೆ ಎತ್ತಿದಳು. “ಒಂದು ತಿಂಗಳು ಕೆಲಸ ಮಾಡಬಾರ್ದು ಅಂತ ಸರ್ಕಾರವೇ ಬರೆದುಕೊಟ್ಟಿದೆಯಾ? ಎಂಥ ಒಳ್ಳೇ ದೇಶ ಕಣೇ ಅದು! ನನಗೂ ಒಂದು ಅರ್ಜಿ ಹಾಕಿಸು.”

ಸೊಸೆ ನಕ್ಕು ನಕ್ಕು ನೆಲದ ಮೇಲೆ ಕೂತಳು. ಅಂದು ಯಜಮಾನರು ಒಂದೇ ಸಲ ಬಡಿಸಿಕೊಂಡರು. ಅದನ್ನೂ ಪೂರ್ತಿ ಉಣ್ಣಲಿಲ್ಲ.

*

ಹೊರಡುವ ದಿನ ಬೆಳಗ್ಗೆ ಬಾಡಿಗೆ ಕಾರು ಅಂಗಡಿಯ ಮುಂದೆ ನಿಂತಿತು. ದಬ್ಬಣದಮ್ಮ ಒಂದು ಪೆಟ್ಟಿಗೆ ಹಿಡಿದುಕೊಂಡಿದ್ದಳು. ತಂಗಿಗೆ ಒಂದು ಜೊತೆ ದಿಂಬು ಹೊಲಿದು ಒಯ್ಯುವ ಆಸೆ ಇತ್ತು. ಹತ್ತಿ ಗಿತ್ತಿ ಒಳಗೆ ಬಿಡುತ್ತಾರೋ ಇಲ್ಲವೋ, ಅಲ್ಲಿಯ ಬಾಗಿಲಲ್ಲಿ ಇನ್ನೊಂದು ತಕರಾರು ಬೇಡ ಎಂದು ಬರೀ ಗವಸು ಹೊಲಿದು ಮಡಿಸಿಟ್ಟುಕೊಂಡಿದ್ದಳು. ತುಂಬುವುದನ್ನು ಅಲ್ಲೇ ತುಂಬಿದರಾಯಿತು. ಹಿಂದಿನ ಸಂಜೆ ಕಾರ್ಖಾನೆಯಾಕೆ ಗೇಟಿನವರೆಗೂ ಬಂದು ಬೀಳ್ಕೊಟ್ಟಿದ್ದಳು. ರಜೆ ಮುಗಿದ ಮರುದಿನವೇ ಬರಬೇಕು ಎಂದು ಕನ್ನಡಕ ಏರಿಸಿಕೊಂಡು ಗದರಿಯೂ ಇದ್ದಳು.

ಮಗ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿದ. ಸೊಸೆ ಕಾಗದಗಳನ್ನು ಇನ್ನೊಮ್ಮೆ ನೋಡಿದಳು: ಪಾಸ್‌ಪೋರ್ಟು, ವೀಸಾ, ಟಿಕೆಟ್ಟು, ತಂಗಿಯ ಪತ್ರ. ಅಜ್ಜಿ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಯಜಮಾನರು ಅಂಗಡಿಯಿಂದ ಹೊರಗೆ ಬಂದರು. ಅಂಗಿಯ ಮೇಲೆಲ್ಲ ಹತ್ತಿ, ಹುಬ್ಬಿನ ಮೇಲೆ ಹತ್ತಿ. ಬೆರಳ ಬಟ್ಟೆ ಎರಡಿದ್ದದ್ದು ಮೂರಾಗಿತ್ತು.

“ಎಲ್ಲ ತಗೊಂಡ್ಯಾ?”

“ತಗೊಂಡೆ.”

“ಅಲ್ಲಿ ಚಳಿಯಂತೆ.”

“ಸ್ವೆಟರ್ ಇದೆ.”

ಅವರು ಹಿಂದೆ ಸರಿದರು, ಮತ್ತೆ ಮುಂದೆ ಬಂದರು. ಬೀದಿಯವರು ನೋಡುತ್ತಿದ್ದಾರೆಂಬ ಖಬರಿಲ್ಲದೆ ಕಾರಿನ ಬಾಗಿಲು ಹಿಡಿದುಕೊಂಡರು.

“ವಾಪಸ್ ಬರ್ತೀಯಲ್ವಾ?”

ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳಿಗೆ ಆ ಪ್ರಶ್ನೆ ಕೇಳಿರಲಿಲ್ಲ. ಅವಳು ಇರುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು.

“ಗಾಜಿನ ಹಿಂದೆ ಕೂತಿದ್ದವಳೂ ಇದನ್ನೇ ಕೇಳಿದ್ಲು,” ಎಂದಳು ದಬ್ಬಣದಮ್ಮ. “ಅವಳಿಗೆ ಕಾರಣ ತೋರಿಸಿ ಬಂದಿದ್ದೀನಿ. ಈಗ ನನಗೆ ನೀವು ತೋರಿಸಿ.”

“ಅಂದ್ರೆ?”

“ನಾನು ಈ ಮನೆಗೆ ಯಾಕೆ ವಾಪಸ್ ಬರ್ಬೇಕು? ಹೇಳಿ.”

“ಅಮ್ಮ ಇದ್ದಾಳೆ…”

“ನನ್ನ ಹೆಸರು ಎಳೀಬೇಡ,” ಎಂದಳು ಅಜ್ಜಿ ಕುರ್ಚಿಯಿಂದ. “ನನಗೆ ಫೋನ್ ಮಾಡ್ತಾಳೆ.”

“ಅಂಗಡಿ…”

“ಅಂಗಡಿ ತಂದೆ ಮತ್ತು ಮಗಂದು. ಬೋರ್ಡಿನ ಮೇಲೆ ಇದೆಯಲ್ಲ.”

ಯಜಮಾನರು ತಲೆ ಎತ್ತಿ ಬೋರ್ಡು ನೋಡಿದರು, ಅದನ್ನು ಮೊದಲ ಸಲ ಓದುವವರ ಹಾಗೆ. ಆಮೇಲೆ ತಮ್ಮ ಕೈ ನೋಡಿಕೊಂಡರು. ಹೇಳಿದ್ದು ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

“ನೀನು ಇಲ್ದಿದ್ರೆ ನನಗೆ ಊಟ ಸೇರಲ್ಲ ಕಣೇ.”

ದಬ್ಬಣದಮ್ಮನಿಗೆ ಕಣ್ಣು ತುಂಬಿತು, ನಗುವೂ ಬಂತು. ಕೈ ಚಾಚಿ ಅವರ ಹುಬ್ಬಿನ ಮೇಲಿದ್ದ ಹತ್ತಿಯ ಎಳೆ ತೆಗೆದಳು. ಅದನ್ನು ಎಸೆಯದೆ ಅವರ ಅಂಗೈಯಲ್ಲೇ ಇಟ್ಟಳು. ಕಾರು ಹತ್ತಿ ಬಾಗಿಲು ಎಳೆದುಕೊಂಡು, ಗಾಜು ಇಳಿಸಿದಳು.

“ಇಷ್ಟು ಕಾರಣ ಸಾಲದು,” ಎಂದಳು. “ನಾನು ಬರೋದ್ರೊಳಗೆ ಇನ್ನಷ್ಟು ಸೇರಿಸಿಟ್ಟಿರಿ.”